ನಾರಿನ ಚೀಲ ಮತ್ತು ಕಾಕಾನ ಎಡಗೈ

ಇವತ್ತು ಬೆಳಿಗ್ಗೆ ನನ್ನ ಚಹಾದ ಕಪ್ಪಿನಲ್ಲಿ ಒಂದು ಎಳೆ ಸಿಕ್ಕಿತು. ಕೂದಲೆಂದು ತಿಳಿದು ಮುಖ ಸಿಂಡರಿಸಿಕೊಂಡು ಎಳೆದರೆ ಬರುತ್ತಲೇ ಇದೆ, ಗೇಣುದ್ದ ಬಂತು. ಬೆಳಕಿಗೆ ಹಿಡಿದು ನೋಡಿದೆ. ಕೂದಲಲ್ಲ, ಬಾಳೆಯ ನಾರು. ಒಲೆಯ ಮುಂದೆ ನಿಂತಿದ್ದ ಹೆಂಡತಿ ಗಿರಿಜಾ ತಿರುಗಿ ನೋಡಿ, "ವರ್ಷ ಆಗಾಕ ಬಂತ್ರಿ. ಇನ್ನಾ ಈ ಮನಿ ಬಿಟ್ಟು ಹೋಗವಲ್ದು ಅದು" ಅಂದಳು. ನನಗೆ ನಗು ಬಂತು. ನಿಮಗೂ ಹೀಗೆ ಆಗಿರಬಹುದು; ಯಾವುದೋ ಚಿಲ್ಲರೆ ವಸ್ತು ಕೈಗೆ ಸಿಕ್ಕರೆ ಸಾಕು, ಹಿಂದಿನ ಒಂದು ಹಂಗಾಮು ಪೂರ್ತಿ ಎದುರಿಗೆ ಬಂದು ಕೂತುಬಿಡುತ್ತದೆ. ಚಹಾ ಆರಿ ಹೋಯಿತು. ನಾನು ಹೋದ ವರ್ಷದ ಆಷಾಢಕ್ಕೆ ಹೋಗಿದ್ದೆ.

ಗಂಗಾವತಿಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. ದೊಡ್ಡದೇನಲ್ಲ. ಸೀರೆ, ಕುಪ್ಪಸದ ಕಣ, ಲೈನಿಂಗ್ ಬಟ್ಟೆ, ಹಬ್ಬ ಬಂದರೆ ಮಕ್ಕಳ ಅಂಗಿ. ಹೊಟ್ಟೆಪಾಡಿಗೆ ಅದು. ಹುಚ್ಚಿಗೆ ಇನ್ನೊಂದು ಬೇಕಲ್ಲ, ಅದು ನನಗೆ ಧ್ವನಿ ಹಿಡಿಯುವ ಹುಚ್ಚು. ಮಾರಾಟವಾಗದ ಮಾಲು ಇಡಲೆಂದು ಮನೆಯ ಮಾಳಿಗೆಯ ಮೇಲೆ ಕಟ್ಟಿಸಿದ ಕೋಣೆಯನ್ನು ಮೆಲ್ಲಗೆ ಮಾಲಿನಿಂದ ಬಿಡಿಸಿಕೊಂಡು, ಒಂದು ಮೈಕು, ಒಂದು ಹಳೆಯ ಲ್ಯಾಪ್‌ಟಾಪು, ಕಿವಿಗೆ ಹಾಕುವ ಹೆಡ್‌ಫೋನು ತಂದಿಟ್ಟು ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟಿದ್ದೆ. ಆ ಹೆಸರಿನಿಂದ ಅದನ್ನು ಕರೆಯುತ್ತಿದ್ದವನು ನಾನೊಬ್ಬನೇ. ಗಿರಿಜಾ ಅದನ್ನು ಇವತ್ತಿಗೂ ಮ್ಯಾಲಿನ ಕೋಣಿ ಎಂದೇ ಅನ್ನುವುದು.

ಕೋಣೆ ಮಾತ್ರ ನೋಡಲು ಚೆಂದ. ಉದ್ದ ಎಷ್ಟೋ ಅಗಲವೂ ಅಷ್ಟೇ. ಕಟ್ಟುವಾಗ ಗೌಂಡಿ, "ಚೌಕ ಇದ್ರ ಲಕ್ಷಣ ರೀ ಸಾವಕಾರ್ರ" ಅಂದಿದ್ದ, ನಾನು ಹೂಂ ಅಂದಿದ್ದೆ. ನೆಲಕ್ಕೆ ಕುಷ್ಟಗಿ ಕಡೆಯ ಬೀಗರು ಕೊಡಿಸಿದ ಗ್ರಾನೈಟು, ಮುಖ ಕಾಣುವಷ್ಟು ಪಾಲಿಶ್. ಗೋಡೆಗೆ ನುಣ್ಣಗೆ ಪುಟ್ಟಿ. ಮೇಲೆ ಸ್ಲ್ಯಾಬು. ಇಂಥ ಕೋಣೆಯಲ್ಲಿ ಒಂದು ಸಲ ಕೆಮ್ಮಿದರೆ ಅದು ನಾಲ್ಕು ಗೋಡೆಗೂ ಹೋಗಿ ವಿಚಾರಿಸಿಕೊಂಡು ಬರುತ್ತಿತ್ತು. ನನಗೆ ಅದು ಸ್ಟುಡಿಯೋದ ಗಾಂಭೀರ್ಯ ಅನಿಸಿತ್ತು ಎಂದರೆ ನನ್ನ ಆಗಿನ ತಿಳಿವಳಿಕೆ ಎಷ್ಟಿತ್ತು ಎಂದು ನೀವೇ ಲೆಕ್ಕ ಹಾಕಿ.

ಅಲ್ಲಿ ನಾನು ಹಿಡಿಯುತ್ತಿದ್ದದ್ದು ಸಿದ್ದಾಪುರದ ಭಜನಾ ಮೇಳದ ಪದಗಳನ್ನು. ಸಿದ್ದಾಪುರ ನಮ್ಮ ಮೂಲ ಊರು. ಮೇಳದ ಹಿರಿಯರು ಅಮರೇಶ ಮಾಸ್ತರು; ಸಾಲಿ ಮಾಸ್ತರಿಕೆಯಿಂದ ನಿವೃತ್ತರಾದವರು, ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸಿಕೊಂಡು ಹಾಡುತ್ತಾರೆ. ಬಲಗೈಗೆ ತಬಲಾ, ಎಡಗೈಗೆ ತಗ್ಗು ದನಿಯ ಡಗ್ಗಾ, ಎರಡೂ ನಮ್ಮ ಶರಣಪ್ಪ ಕಾಕಾನದು, ಅಂದರೆ ನನ್ನ ತಂದೆಯ ತಮ್ಮ. ಕಾಕಾ ಗದ್ದೆ ಮಾಡಿಕೊಂಡು, ಜೊತೆಗೆ ರೈಸ್ ಮಿಲ್ಲೊಂದರಲ್ಲಿ ಚೀಲ ತುಂಬಿಸುವ ಮೇಲ್ವಿಚಾರಣೆಯಲ್ಲಿ ಬಹಳ ವರ್ಷ ಇದ್ದವನು. ಎತ್ತರದ ಆಳು, ಎತ್ತರದ ದನಿ, ಅದಕ್ಕಿಂತ ಎತ್ತರ ಅವನ ಬಡಾಯಿ. "ನನ್ನ ಡಗ್ಗಾ ಕೇಳಿ ಎತ್ತು ನಿಂತಾವ" ಅನ್ನುತ್ತಿದ್ದ. ಎಲ್ಲಿ ನಿಂತವು, ಯಾಕೆ ನಿಂತವು ಎಂದು ಕೇಳಿದರೆ ಆ ಕತೆ ಪ್ರತಿ ಸಲ ಬೇರೆ ಊರಿನಲ್ಲಿ ನಡೆಯುತ್ತಿತ್ತು.

ಗಲಾಟೆ ಶುರುವಾದದ್ದು ಒಂದು ಕಾರಿನಿಂದ. ನಾನು ಹಿಡಿದ ಪದಗಳು ಫೋನಿನಿಂದ ಫೋನಿಗೆ ಹೋಗುತ್ತಿದ್ದವು, ಕೇಳಿದವರೆಲ್ಲ ಛಲೋ ಅದಾವ ಅನ್ನುತ್ತಿದ್ದರು. ಫೋನಿನ ಸಣ್ಣ ಬಾಯಿಗೆ ಡಗ್ಗಾದ ತಗ್ಗು ದನಿ ಹೊರಡುವುದೇ ಇಲ್ಲ ಎಂಬುದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಮಾಸ್ತರ ಅಳಿಯ ಹೊಸ ಕಾರು ತಂದ. ಅದರ ಸ್ಪೀಕರು ದೊಡ್ಡವು. ಮಾವನನ್ನು ಖುಷಿಪಡಿಸಲು ಅವರದೇ ಪದ ಹಚ್ಚಿದ. ಹಚ್ಚಿದ ಕೂಡಲೇ ಕಾರಿನ ತುಂಬ ಗೂಂ ಗೂಂ ಗೂಂ. ಪದ ಇಲ್ಲ, ಪೇಟಿ ಇಲ್ಲ, ಬರೀ ಗೂಂ. ಕಿಟಕಿಯ ಗಾಜು ನಡುಗಿತಂತೆ. ಮಾಸ್ತರು ಸಿಟ್ಟಿನಿಂದ ಕೆಳಗಿಳಿದವರು ನೇರ ನನ್ನ ಅಂಗಡಿಗೆ ಬಂದರು.

"ಶರಣಪ್ಪಣ್ಣಾರ ಎಡಗೈ ಭಾರ ಆಗೈತಿ ತಮ್ಮಾ. ವಯಸ್ಸಾತು. ನಾ ಏನ್ ಹಾಡಿದ್ರೂ ಅದರಾಗ ಮುಳುಗಿ ಹೊಂಟೈತಿ. ಶ್ರಾವಣಕ್ಕ ನವಲಿಯಿಂದ ಭಜನಿಗೆ ಕರಿ ಬಂದೈತಿ. ಈ ಸಲ ಪ್ಯಾಡ್ ಬಾರಿಸಾವ್ನ ಕರಕೊಂಡು ಹೋಗೂಣು ಅಂತ ಮಾಡೀನಿ."

ಪ್ಯಾಡ್ ಎಂದರೆ ಗೊತ್ತಲ್ಲ, ಕೋಲಿನಿಂದ ಮುಟ್ಟಿದರೆ ಬೇಕಾದ ವಾದ್ಯ ನುಡಿಯುವ ಕರೆಂಟಿನ ಹಲಗೆ. ಅದರ ಮೇಲೆ ನನಗೇನೂ ದ್ವೇಷವಿಲ್ಲ. ಆದರೆ ಮೇಳ ಕಟ್ಟಿದಂದಿನಿಂದ ಮಾಸ್ತರ ಪಕ್ಕದಲ್ಲಿ ಕೂತ ಮನುಷ್ಯನ ಜಾಗದಲ್ಲಿ ಅದನ್ನು ಇಡುವುದೆಂದರೆ ನನಗೆ ಒಪ್ಪಿಗೆಯಾಗಲಿಲ್ಲ. ಕೆಡುಕು ಮಾಡಿದ್ದು ನಾನು ಹಿಡಿದ ದನಿಯೇ ಅಲ್ಲವೇ.

ಮಾತು ಕಾಕಾನಿಗೆ ಮುಟ್ಟಲು ಎಷ್ಟು ಹೊತ್ತು? ಮಾರನೆಯ ದಿನ ಅಂಗಡಿಗೆ ಬಂದು ಗಿರಾಕಿಗಳ ಗಾದಿಯ ಮೇಲೆ ಕೂತ. ಬಡಾಯಿ ಇಲ್ಲ. ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡುತ್ತಿದ್ದ.

"ಖರೇ ಹೇಳೋ. ಭಾರ ಆಗೇತೇನು?"

"ನನಗ ಗೊತ್ತಿಲ್ಲ ಕಾಕಾ" ಅಂದೆ. ಅದು ಸತ್ಯವಾಗಿತ್ತು.

"ಗೊತ್ತು ಮಾಡು ಹಂಗಾದ್ರ. ಕೈದು ತಪ್ಪಿದ್ರ ನಾ ಡಗ್ಗಾ ಕಟ್ಟಿ ಅಟ್ಟಕ್ಕ ಇಡ್ತೀನಿ, ಮತ್ತ ಮುಟ್ಟಂಗಿಲ್ಲ. ನಿನ್ನ ಕೋಣಿದು ತಪ್ಪಿದ್ರ ಮಾಸ್ತರ ತಾನಾಗಿ ಬಂದು ಬರ್ರಿ ಅಂತ ಕರೀಬೇಕು. ಅಲ್ಲೀತನ ನಾ ಮೇಳದ ಕಡೆ ಹೊಳ್ಳಿ ನೋಡಂಗಿಲ್ಲ."

ಹೀಗೆ ಒಂದು ಕೈ ಮತ್ತು ಒಂದು ಕೋಣೆಯ ನಡುವಿನ ಪಂಚಾಯ್ತಿ ನನ್ನ ತಲೆಗೆ ಬಂತು. ಶ್ರಾವಣ ಬರುವುದರೊಳಗೆ ಮುಗಿಯಬೇಕು.

ಆವತ್ತೇ ಮೇಲೆ ಹೋಗಿ ಕೋಣೆಯ ವಿಚಾರಣೆ ಶುರುಮಾಡಿದೆ. ಸ್ಪೀಕರಿನಲ್ಲಿ ಒಂದೇ ತಗ್ಗು ದನಿ, ಹೂಂ ಎಂದು, ಬಿಡದೆ ನುಡಿಯುವ ಹಾಗೆ ಹಚ್ಚಿಟ್ಟು ಕೋಣೆಯೊಳಗೆ ಅಡ್ಡಾಡಿದೆ. ನೀವೂ ಒಂದು ಸಲ ಮಾಡಿ ನೋಡಿ, ಮಾಟ ಅನಿಸುತ್ತದೆ! ಕೋಣೆಯ ನಡುವೆ ನಿಂತರೆ ಹೂಂ ಇಲ್ಲವೇ ಇಲ್ಲ, ಯಾರೋ ಆರಿಸಿದಂತೆ. ಮೂಲೆಗೆ ಹೋಗಿ ತಲೆ ಇಟ್ಟರೆ ಎದೆಗೂಡು ಅದುರುತ್ತದೆ. ದನಿ ಒಂದೇ, ಅದರ ಜೋರು ಒಂದೇ, ನಾನು ನಾಲ್ಕು ಹೆಜ್ಜೆ ಸರಿದದ್ದಷ್ಟೇ. ಕಾಲುವೆಯ ನೀರು ಗದ್ದೆಯ ತಗ್ಗು ಮೂಲೆಯಲ್ಲಿ ಹೋಗಿ ನಿಲ್ಲುತ್ತದಲ್ಲ, ಹಾಗೆ ತಗ್ಗು ದನಿಯೆಲ್ಲ ಮೂಲೆಗೆ ಹೋಗಿ ನಿಂತು ಕೊಳೆಯುತ್ತಿತ್ತು. ಅದರಲ್ಲೂ ಚೌಕ ಕೋಣೆ ಎಲ್ಲಕ್ಕಿಂತ ಕೆಟ್ಟದ್ದಂತೆ, ಎರಡೂ ಕಡೆಯಿಂದ ಅದೇ ದನಿ ಹೊಳ್ಳಿ ಬಂದು ಒಂದರ ಮೇಲೊಂದು ಕೂಡುತ್ತದೆ. ಗೌಂಡಿಯ ಲಕ್ಷಣ ನೆನಪಾಯಿತು. ಕುಣಿಯಬೇಕು ಅನಿಸಿತು. ಮೆಟ್ಟಿಲು ಇಳಿದು ಓಡಿ ಬಂದು, "ಗಿರಿಜಾ, ಕೋಣಿದ ತಪ್ಪು!" ಎಂದು ಕೂಗಿದೆ. "ಕೋಣಿ ಕಟ್ಟಿಸಿದವ್ರು ಯಾರು?" ಎಂದು ಅವಳು ರೊಟ್ಟಿ ಬಡಿಯುತ್ತಲೇ ಕೇಳಿದಳು.

ಆದರೆ ಕೋಣೆ ಕೆಟ್ಟದ್ದೆಂದ ಮಾತ್ರಕ್ಕೆ ಕೈ ಒಳ್ಳೆಯದೆಂದು ಆಗುವುದಿಲ್ಲ. ಕೋಣೆಯನ್ನು ಸರಿಮಾಡಿ, ಆಮೇಲೆ ಕೈಯನ್ನು ಕೇಳಬೇಕು. ಇದಕ್ಕೆ ಮದ್ದು ಇದೆ, ಬೇಸ್ ಟ್ರ್ಯಾಪ್ ಅನ್ನುತ್ತಾರೆ ಎಂದು ವಿಡಿಯೋಗಳಲ್ಲಿ ನೋಡಿ ತಿಳಿದೆ. ತಗ್ಗು ದನಿಯನ್ನು ಹಿಡಿಯುವ ಬೋನು. ನೆಲದಿಂದ ಮೇಲಿನವರೆಗೆ ಮೂಲೆ ತುಂಬ ನಾರಿನಂಥ ದಪ್ಪ ವಸ್ತು ನಿಲ್ಲಿಸಿದರೆ ದನಿ ಅದರೊಳಗೆ ಹೊಕ್ಕು ಎಳೆ ಎಳೆಗೆ ತಿಕ್ಕಾಡಿ ಸುಸ್ತಾಗಿ ಅಲ್ಲೇ ಸಾಯುತ್ತದೆ. ಅಂಗಡಿಯಲ್ಲಿ ಸಿಗುವ ಬೋನುಗಳ ದರ ಕೇಳಿ ನಾನೇ ಸುಸ್ತಾದೆ. ಗಾಜಿನ ನಾರು ಅಗ್ಗ, ಆದರೆ ಮೈಗೆ ಹತ್ತಿದರೆ ತುರಿಕೆ. "ಇಲಿಗೆ ಬೋನು ಇಡೋದು ಕೇಳಿದ್ದೆ. ಸಪ್ಪಳಕ್ಕ ಬೋನು ಇಡಾವ್ರನ್ನ ಇದ ಮೊದಲ ನೋಡಿದ್ದು" ಎಂದ ಗಿರಿಜಾಳೇ ಆಮೇಲೆ ಒಂದು ಮಾತು ಅಂದಳು: "ನಾರೇ ಬೇಕಂದ್ರ ಆನೆಗೊಂದಿಗೆ ಹೋಗ್ರಿ. ಅಲ್ಲಿ ಬಾಳಿನಾರು ಬಿಡಸ್ತಾರಲ್ಲ."

ಆ ಕ್ಷಣ ಅವಳ ಕಾಲಿಗೆ ಬೀಳಬೇಕು ಅನಿಸಿತು. ಆನೆಗೊಂದಿಯಲ್ಲಿ ಹೆಣ್ಣುಮಕ್ಕಳು ಬಾಳೆದಿಂಡಿನ ನಾರು ಬಿಡಿಸಿ ಚೀಲ, ಚಾಪೆ, ಬುಟ್ಟಿ ಮಾಡುತ್ತಾರೆ. ಉದ್ದನೆಯ ನಾರು ಅವರಿಗೆ ಬೇಕು. ತುಂಡು ನಾರು ಮೂಲೆಯಲ್ಲಿ ರಾಶಿ ಬಿದ್ದಿರುತ್ತದೆ. ಕಾಕಾನನ್ನು ಹಿಂದೆ ಕೂರಿಸಿಕೊಂಡು ಬೈಕು ಹೊಡೆದೆ. ದಾರಿಯುದ್ದಕ್ಕೂ ಬಂಡೆಗುಡ್ಡದ ನಡುವೆ ಆಷಾಢದ ಗಾಳಿ, ಮುಗಿಲಲ್ಲಿ ಮೋಡದ ಓಟ, ನನ್ನ ಎದೆಯಲ್ಲಿ ಎಷ್ಟು ಹುರುಪು ಎಂದರೆ ದಾರಿಯಲ್ಲಿ ಸಿಕ್ಕ ಎಮ್ಮೆಗೂ ಸುದ್ದಿ ಹೇಳೋಣ ಅನಿಸುತ್ತಿತ್ತು. ಅಲ್ಲಿಯ ಅಕ್ಕ ಒಬ್ಬಳು ತುಂಡು ನಾರಿನ ರಾಶಿ ತೋರಿಸಿ, "ಇದನ್ನ ತಗೊಂಡು ಏನ್ ಮಾಡ್ತೀರ್ರಿ?" ಅಂದಳು. ಕಾಕಾ ಗಂಭೀರವಾಗಿ, "ಯವ್ವಾ, ಇದರ ಮ್ಯಾಲ ನನ್ನ ಮಾನ ನಿಂತೈತಿ" ಅಂದ. ಅವಳು ಪಾಪ ಇನ್ನೊಂದು ಹೊರೆ ಜಾಸ್ತಿಯೇ ಹಾಕಿದಳು. ತರಲು ಒಂದು ಸಣ್ಣ ಟೆಂಪೋ ಮಾಡಬೇಕಾಯಿತು. ಹಾಗಾದರೂ ಖರ್ಚೆಲ್ಲ ಸೇರಿ ನನ್ನ ಅಂಗಡಿಯ ಒಂದು ಸಾಧಾರಣ ಸೀರೆಯಷ್ಟಾಗಲಿಲ್ಲ.

ಚೀಲಕ್ಕೆ ಮಿಲ್ಲಿನ ಹಳೆಯ ಗೋಣಿ ಸಿಕ್ಕಿತು. ಗೋಣಿಯಿಂದ ಎಳೆ ಉದುರುತ್ತದೆಂದು ಮೇಲೊಂದು ಬಟ್ಟೆಯ ಗವಸು ಹಾಕಬೇಕು. ಅದು ಗಾಳಿ ದಾಟುವ ಬಟ್ಟೆಯಾಗಿರಬೇಕು, ಇಲ್ಲದಿದ್ದರೆ ದನಿ ಹೊರಗೇ ಉಳಿಯುತ್ತದೆ. ಅಂಗಡಿಯಲ್ಲಿ ಒಂದೊಂದು ಬಟ್ಟೆಯ ತಾನು ಬಿಚ್ಚಿ ಬಾಯಿಗೆ ಹಚ್ಚಿ ಉಸಿರು ಊದಿ ಊದಿ ನೋಡುತ್ತಿದ್ದೆ. ಆಗಲೇ ಬಂದ ಗಿರಾಕಿ ತಾಯಿಯೊಬ್ಬಳು ಬಾಗಿಲಲ್ಲೇ ನಿಂತು, "ಯಾಕ್ರೀ ಅಣ್ಣಾರ, ಆರಾಮ ಇಲ್ಲೇನು?" ಎಂದು ಕೇಳಿ, ನಾನು ಎಂಜಲು ಮಾಡಿದ ತಾನು ಬಿಟ್ಟು ಬೇರೆಯದನ್ನು ಆರಿಸಿಕೊಂಡು ಹೋದಳು. ಕೊನೆಗೆ ಬಣ್ಣ ಹೋದ ಹಳದಿ ಲೈನಿಂಗ್ ಬಟ್ಟೆ ಪಾಸಾಯಿತು. ಮೂರು ದೀಪಾವಳಿ ಕಂಡರೂ ಮಾರಾಟವಾಗದ ಬಟ್ಟೆ ಅದು. ಅದಕ್ಕೂ ಒಂದು ಕಾಲ ಬಂತು.

ಚೀಲ ತುಂಬುವ ದಿನ ಕಾಕಾ ಲುಂಗಿ ಮೇಲೆ ಕಟ್ಟಿ ನಿಂತ. ಅದು ಅವನ ರಾಜ್ಯ. ನನಗೆ ಮುಟ್ಟಲೂ ಬಿಡಲಿಲ್ಲ.

"ಚೀಲ ಅಂದ್ರ ಹೆಂಗಿರಬೇಕು ಹೇಳು? ಗುದ್ದಿದ್ರ ಬೆರಳು ನೋಯಬೇಕು. ಮಿಲ್ಲಿನಾಗ ನಾ ತುಂಬಿಸಿದ ಚೀಲದ ಮ್ಯಾಲ ಕುಂತ್ರ ತಗ್ಗು ಬೀಳ್ತಿದ್ದಿಲ್ಲ."

ನಮ್ಮ ಭತ್ತದ ಸೀಮೆಯಲ್ಲಿ ಹುಟ್ಟಿದ ಯಾರನ್ನೇ ಕೇಳಿ, ಚೀಲ ತುಂಬುವುದು ಎಂದರೆ ಎತ್ತಿ ಕುಕ್ಕುವುದು, ಕುಕ್ಕಿ ಮತ್ತೆ ತುಂಬುವುದು. ಸಡಿಲ ಚೀಲ ಮೋಸದ ಚೀಲ, ತುಂಬಿಸಿದವನಿಗೆ ಅವಮಾನ. ಹಾಗಾಗಿ ಕಾಕಾ ನಾರು ಹಾಕಿದ, ಎತ್ತಿ ಕುಕ್ಕಿದ, ಒಳಗೆ ಇಳಿದು ತುಳಿದ, ಮತ್ತೆ ಹಾಕಿದ. ದಬ್ಬಣಕ್ಕೆ ಸುತಳಿ ಪೋಣಿಸಿ ಬಾಯಿ ಹೊಲಿದು, ಎತ್ತಲು ಹಿಡಿಕೆಯಾಗುವಂತೆ ಎರಡು ತುದಿಗೆ ಎರಡು ಕಿವಿ ಬಿಟ್ಟ. ನಾನು ಮೆಚ್ಚಿ ಮೆಚ್ಚಿ ಫೋಟೋ ತೆಗೆದೆ. ಒಂದೊಂದು ಚೀಲವೂ ಗಾಣದ ಗುಂಡಿನಂತೆ ಗಟ್ಟಿ.

ಮೂಲೆಗೆ ಇಡಲು ಹೋದರೆ ಹೊಸ ತಕರಾರು. ಈಶಾನ್ಯದ ಮೂಲೆಯ ಮುಂದೆ ಗಿರಿಜಾ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಈ ದಿಕ್ಕಿಗೆ ಭಾರ ಇಡಬಾರ್ದು ಅಂತ ಎಲ್ಲಾರಿಗೂ ಗೊತ್ತೈತಿ. ದೇವ್ರ ಮೂಲಿ ಇದು. ಉಳದ ಮೂರು ಕಡೆ ಏನರ ಮಾಡ್ಕೋರ್ರಿ." ದನಿಗೆ ದಿಕ್ಕು ಗೊತ್ತಿಲ್ಲ ಎಂದೆ. ನಿಮಗ ಗೊತ್ತಿರಬೇಕಲ್ಲ ಎಂದಳು. ಮೂರು ಮೂಲೆಗೆ ಚೀಲದ ಮೇಲೆ ಚೀಲ ಏರಿಸಿ ಹಳದಿ ಗವಸು ತೊಡಿಸಿದೆವು.

ಕಾಕಾ ಡಗ್ಗಾ ತಂದು ನಡುವೆ ಕೂತು ಒಂದು ಪೆಟ್ಟು ಹಾಕಿದ. ಗೂಂ.

ಇನ್ನೊಂದು. ಗೂಂ.

ಮೈಕಿನಲ್ಲಿ ಹಿಡಿದು ಕೇಳಿದೆವು. ಮೊದಲಿನದಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಈಶಾನ್ಯದ ಮೂಲೆ ಖಾಲಿ ಇರುವುದಕ್ಕೆ ಹೀಗಾಯಿತು ಎಂದು ನಾನು ಹೇಳಿದೆನಾದರೂ ನನಗೇ ನಂಬಿಕೆ ಇರಲಿಲ್ಲ. ಮೂರು ಮೂಲೆ ಕಟ್ಟಿದ ಮೇಲೆ ಸ್ವಲ್ಪವಾದರೂ ತಗ್ಗಬೇಕಿತ್ತಲ್ಲ. ಕಾಕಾ ಡಗ್ಗಾಕ್ಕೆ ಬಟ್ಟೆ ಸುತ್ತಿ ಗಂಟು ಹಾಕಿದ. ಮೆಟ್ಟಿಲ ಹತ್ತಿರ ನಿಂತು, "ಹಂಗಾದ್ರ ಕೈದ ಇರಬೇಕು ಬಿಡು. ಮಾಸ್ತರ ಸುಳ್ಳು ಹೇಳಾವಲ್ಲ" ಎಂದು ಕೆಳಗಿಳಿದು ಹೋದ. ಅವನು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಅಳು ಬಂದಿತ್ತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಆಮೇಲೆ ಕೆಲವು ದಿನ ನಾನು ಮೇಲೆ ಹತ್ತಲಿಲ್ಲ. ಮನೆಯಲ್ಲಿ ಗಿರಿಜಾಳ ಬಸುರಿ ತಂಗಿಯ ಕುಬುಸದ ಕಾರ್ಯ ಬಂತು. ಊಟದ ಮನೆ ಎಂದರೆ ನಮ್ಮಲ್ಲಿ ಮನೆಗಿಂತ ಪಾತ್ರೆ ದೊಡ್ಡವು; ಹೂರಣ ಬೇಯಿಸಿದ ಕೊಳಗ, ಸಾರಿನ ಹಂಡೆ, ತಳ ಹಿಡಿದ ಅನ್ನದ ಬೋಗುಣಿ. ಕಾರ್ಯ ಮುಗಿದು ಬೀಗರು ಹೋದ ಮೇಲೆ ಮನಸ್ಸು ತಡೆಯದೆ ಮೇಲೆ ಹೋಗಿ ಮತ್ತೆ ಹೂಂ ಹಚ್ಚಿದೆ. ಸುಮ್ಮನೆ ಅಡ್ಡಾಡಿದೆ. ಮೊದಲನೆಯ ಮೂಲೆ, ಎದೆ ಅದುರಿತು. ಎರಡನೆಯದು, ಅದುರಿತು. ಬಾಗಿಲ ಪಕ್ಕದ ಮೂಲೆಗೆ ಬಂದೆ.

ಹೂಂ ಇಲ್ಲ!

ಇಲ್ಲವೆಂದರೆ ಪೂರ್ತಿ ಇಲ್ಲವೆಂದಲ್ಲ. ಮೂಲೆ ಎಂಬ ಮೂಲೆಯೇ ಅಲ್ಲಿಲ್ಲದ ಹಾಗೆ, ಬಯಲಲ್ಲಿ ನಿಂತ ಹಾಗೆ ಮೆತ್ತಗಿತ್ತು. ಗವಸಿನ ಮೇಲೆ ಕೈಯಿಟ್ಟೆ, ಕೈ ಒಳಗೆ ಹೋಯಿತು. ಗವಸು ಎತ್ತಿದರೆ ಕಾಕಾನ ಗಾಣದ ಗುಂಡಿನಂಥ ಚೀಲಗಳು ಸೊರಗಿ ಒಂದರ ಮೇಲೊಂದು ಒರಗಿಕೊಂಡಿವೆ. ಹೊಲಿಗೆ ಬಿಚ್ಚಿದೆ, ನಾರು ಅರ್ಧವೂ ಇಲ್ಲ.

"ಗಿರಿಜಾ!"

ಅವಳು ಸೀರೆಯ ಸೆರಗಿಗೆ ಕೈ ಒರಸಿಕೊಳ್ಳುತ್ತ ಬಂದು, ಚೀಲ ನೋಡಿ, ನನ್ನನ್ನು ನೋಡಿ, ನಾಲಿಗೆ ಕಚ್ಚಿಕೊಂಡಳು. "ಕೊಳಗ ತಿಕ್ಕಾಕ ನಾರು ಬೇಕಾಗಿತ್ತಲ್ರೀ. ಹೆಂಗೂ ನಿಮ್ಮ ಚೀಲ ಕೆಲಸಕ್ಕ ಬರಲಿಲ್ಲ ಅಂದ್ರಿ. ಒಂದೀಟು ತಗೊಂಡೆ. ಆಮ್ಯಾಲ ಬಾಜೂಮನಿಯವ್ರು ಕೇಳಿದ್ರು, ಅವ್ರಿಗೂ ಒಂದೀಟು. ನಮ್ಮವ್ವ ಹೋಗುವಾಗ ಬ್ಯಾಗಿನಾಗ ಒಂದೀಟು..."

ಅವಳು ಒಂದೀಟು ಒಂದೀಟು ಎನ್ನುವಾಗ ನನ್ನ ತಲೆಯಲ್ಲಿ ಬೆಳಕು ಹರಿಯಿತು. ಗಟ್ಟಿ ತುಂಬಿದ ಚೀಲ ಚೀಲವಲ್ಲ, ಇನ್ನೊಂದು ಗೋಡೆ. ದನಿಗೆ ಒಳಗೆ ಹೋಗಲು ಸಂದೇ ಇಲ್ಲ, ಬಡಿದು ಹೊಳ್ಳಿ ಬರುತ್ತದೆ. ಸಡಿಲ ಇದ್ದರೆ ಗಾಳಿ ಒಳಗೆ ಹೋಗುತ್ತದೆ, ಗಾಳಿಯ ಜೊತೆ ದನಿಯೂ. ಭತ್ತದ ಸೀಮೆಯ ಮಂದಿ ನಾವು, ತಲೆತಲಾಂತರದ ಮರ್ಯಾದೆಯಿಂದ ಕುಕ್ಕಿ ಕುಕ್ಕಿ ತುಂಬಿ ಕೆಡಿಸಿದ್ದೆವು! ಗಿರಿಜಾಳನ್ನು ಹಿಡಿದು ಒಂದು ಸುತ್ತು ತಿರುಗಿಸಿದೆ. "ಬಿಡ್ರಿ, ಮಂದಿ ನೋಡ್ತಾರ" ಎಂದಳು. ನೋಡಲಿ ಎಂದೆ. ಕಾಕಾನಿಗೆ ಫೋನು ಮಾಡಿ ಏನು ಹೇಳಿದೆನೋ ನನಗೇ ನೆನಪಿಲ್ಲ. ಅವನಿಗೆ ತಿಳಿದದ್ದು ಒಂದೇ: "ಚೀಲ ಅರ್ಧ ಮಾಡೂಣು ಬಾ." ಮಿಲ್ಲಿನ ಮನುಷ್ಯನಿಗೆ ಹೇಳುವ ಮಾತೇ ಅದು? ಆದರೂ ಬಂದ.

ಮಾಳಿಗೆಯ ಮೇಲೆ ಚೀಲಗಳನ್ನೆಲ್ಲ ಸುರಿದು ನಾರನ್ನು ಬಿಡಿಸಿ ಬಿಡಿಸಿ ಹಗುರ ಮಾಡಿದೆವು. ಆಷಾಢದ ಗಾಳಿ ಸುಮ್ಮನಿರುತ್ತದೆಯೇ? ಒಂದು ಬೀಸಿಗೆ ಅರ್ಧ ಓಣಿಗೆ ಬಂಗಾರದ ಎಳೆ ಹಾರಿತು. ಒಣಗಲು ಹಾಕಿದ ಸಂಡಿಗೆಯ ಮೇಲೆ, ಎದುರು ಮನೆಯ ಮುದುಕರ ಮೀಸೆಯ ಮೇಲೆ, ಯಾರದೋ ಸ್ಕೂಟರಿನ ಸೀಟಿನ ಮೇಲೆ. ಕಾಕಾ ಎರಡು ಕೈಯಲ್ಲಿ ನಾರು ಅವಚಿಕೊಂಡು ಮಾಳಿಗೆ ತುಂಬ ಓಡಾಡುತ್ತ, "ಹಿಡಿಯೋ, ಹಿಡಿಯೋ, ನನ್ನ ಮಾನ ಹಾರಾಕತ್ತೈತಿ!" ಎಂದು ಕೂಗುತ್ತಿದ್ದ. ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಚೀಲ ತುಂಬುವಾಗ ಮಾತ್ರ ಅವನ ಕಷ್ಟ ನೋಡಲಾಗುತ್ತಿರಲಿಲ್ಲ. ಅಭ್ಯಾಸಬಲದಿಂದ ಎತ್ತಿ ಕುಕ್ಕಲು ಹೋಗುವುದು, ನಾನು ಏ ಏ ಎನ್ನುವುದು, ಅವನು ಚೀಲವನ್ನು ಮಗುವಿನಂತೆ ಮೆಲ್ಲಗೆ ಇಳಿಸುವುದು. ಸೊರಗಿದ ಚೀಲದ ಬಾಯಿ ಹೊಲಿಯುವಾಗ, "ಮಿಲ್ಲಿನವ್ರು ಯಾರರ ನೋಡಿದ್ರ ನನ್ನ ಹೆಸ್ರು ಹೇಳಬ್ಯಾಡ" ಅಂದ.

ಸಡಿಲ ತುಂಬಿದ್ದರಿಂದ, ಅಷ್ಟು ನಾರು ಓಣಿಯ ಪಾಲಾದರೂ, ಮೂರು ಮೂಲೆಗೆ ಆಗಿ ಮಿಕ್ಕಿತು. ನಾಲ್ಕನೆಯ ಮೂಲೆಯ ಮಾತು ಎತ್ತಲು ನನಗೆ ಧೈರ್ಯವಿರಲಿಲ್ಲ. ಗಿರಿಜಾ ತಾನೇ ಒಂದು ಚೀಲದ ಕಿವಿ ಹಿಡಿದು ಒಂದೇ ಕೈಯಲ್ಲಿ ಎತ್ತಿ ತೂಗಿದಳು. "ಇದಕ್ಕ ಭಾರಾನ ಇಲ್ಲಲ್ರೀ. ನಾ ಬ್ಯಾಡ ಅಂದಿದ್ದು ಭಾರಕ್ಕ. ಇಡ್ರಿ, ಆದ್ರ ಗವಸು ಒಗದು ಹಾಕ್ರಿ, ದೇವ್ರ ಮೂಲಿ." ಹೀಗೆ ದೇವರೂ ಒಪ್ಪಿದ.

ಆಮೇಲೆ ಕಾಕಾ ನಡುವೆ ಕೂತು ಒಂದು ಪೆಟ್ಟು ಹಾಕಿದ. ಅದನ್ನು ಹೇಗೆ ಹೇಳಲಿ? ಪೆಟ್ಟು ಬಂತು, ತನ್ನ ಮಾತು ಮುಗಿಸಿತು, ನಿಂತಿತು. ಅದರ ಹಿಂದೆ ಬಾಲವಿಲ್ಲ. ಕಾಕಾ ತಬ್ಬಿಬ್ಬಾಗಿ ತನ್ನ ಕೈ ನೋಡಿಕೊಂಡ. ಇನ್ನೊಂದು ಹಾಕಿ ಮಣಿಕಟ್ಟನ್ನು ಡಗ್ಗಾದ ಚರ್ಮದ ಮೇಲೆ ಜಾರಿಸಿದ. ದನಿ ಕೆಳಗಿನಿಂದ ಮೇಲಕ್ಕೆ ಹೂಂ? ಎಂದು ಕೇಳಿದಂತೆ ಏರಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಮಾಸ್ತರನ್ನು ಒಪ್ಪಿಸಲು ನಾನೇ ಸಿದ್ದಾಪುರಕ್ಕೆ ಹೋದೆ. ಒಂದೇ ಒಂದು ಪದ, ಒಂದೇ ಒಂದು ಸಲ, ಆಮೇಲೆ ಯಾರನ್ನು ಬೇಕಾದರೂ ಕರಕೊಂಡು ಹೋಗ್ರಿ ಎಂದು ಕೈ ಮುಗಿದೆ. ಬಂದರು. ಕೋಣೆಯ ನಾಲ್ಕೂ ಮೂಲೆಗೆ ನಿಂತ ಹಳದಿ ಕಂಬಗಳನ್ನು ನೋಡಿ, "ಇದೇನೋ, ಗೋಡಾವನ್ ಮಾಡೀಯಲ್ಲ" ಎಂದರು. ಕಾಕಾನ ಕಡೆ ನೋಡಲಿಲ್ಲ, ಕಾಕಾ ಅವರ ಕಡೆ ನೋಡಲಿಲ್ಲ. ಪದ ಮುಗಿಯುವವರೆಗೂ ಇಬ್ಬರೂ ಮೈಕನ್ನೇ ನೋಡುತ್ತಿದ್ದರು. ಹೆಡ್‌ಫೋನು ಕೊಡಲು ಹೋದರೆ ಮಾಸ್ತರು ಬೇಡವೆಂದರು. "ಅವತ್ತು ಎಲ್ಲಿ ಕೇಳಿದ್ನೋ ಅಲ್ಲೇ ಕೇಳ್ತೀನಿ."

ಓಣಿಯಲ್ಲಿ ಅಳಿಯನ ಕಾರು ನಿಂತಿತ್ತು. ಮುಂದೆ ಮಾಸ್ತರು, ಹಿಂದೆ ಕಾಕಾ, ಹಚ್ಚಲು ನಾನು. ಗಾಜು ಏರಿಸಿದೆವು. ಮಟಮಟ ಮಧ್ಯಾಹ್ನ, ಒಳಗೆ ಸೆಕೆ.

ಪೇಟಿ ಬಂತು. ಮಾಸ್ತರ ದನಿ ಬಂತು, ಸ್ವಚ್ಛವಾಗಿ, ಒಂದೊಂದು ಅಕ್ಷರ ಕಾಣುವ ಹಾಗೆ. ಡಗ್ಗಾ ಅದರ ಕೆಳಗೆ ಹೆಜ್ಜೆ ಹಾಕುತ್ತಿತ್ತು, ಎಲ್ಲಿಯೂ ಮೇಲೆ ಬೀಳಲಿಲ್ಲ. ಮಾಸ್ತರು ತಲೆದೂಗುತ್ತಿದ್ದವರು ಒಂದು ಸಾಲಿನ ಕೊನೆಗೆ ಕೈಯೆತ್ತಿ ನಿಲ್ಲಿಸು ಎಂದರು.

"ಇಲ್ಲಿ ನಾ ಉಸಿರು ತಗೋತೀನಲ್ಲ, ಆವಾಗ ಯಾರೋ ಮಾತಾಡಿದಂಗ ಆತು. ಯಾರದು?"

"ಡಗ್ಗಾ ರೀ" ಅಂದೆ.

"ಹೊಳ್ಳಿ ಹಚ್ಚು."

ಹಚ್ಚಿದೆ. ಮಾಸ್ತರು ಹಾಡಿದ ಕೊನೆಯ ಮಾತನ್ನೇ ಡಗ್ಗಾ ಸಣ್ಣಗೆ, ಒಲವಿನಿಂದ, ಇನ್ನೊಂದು ಸಲ ಅಂದಂತಿತ್ತು. ಅವರು ಮುಂದಿನ ಸಾಲು ಎತ್ತುವುದರೊಳಗೆ ಸುಮ್ಮನಾಗಿ ದಾರಿ ಬಿಡುತ್ತಿತ್ತು. ಎರಡನೆಯ ಸಾಲಿಗೂ ಹಾಗೆಯೇ. ಮೂರನೆಯದಕ್ಕೂ.

ಮಾಸ್ತರು ಸೀಟಿನಲ್ಲಿ ತಿರುಗಿ ಕುಳಿತರು. "ಇದನ್ನ ಯಾವಾಗ ಕಲಿತ್ರಿ ಶರಣಪ್ಪಣ್ಣಾರ?"

"ಮೊದಲಿಂದಾನೂ ಬಾರಸ್ತೀನ್ರೀ."

"ಮೊದಲಿಂದ ಅಂದ್ರ?"

"ನೀವು ಹಾಡಾಕ ಶುರು ಮಾಡಿದಾಗಿಂದ."

ನಾನು ಯೋಚಿಸಿದೆ: ಅಷ್ಟು ವರ್ಷ ಗುಡಿಯ ಕಟ್ಟೆಯ ಮೇಲೆ, ಗಿಡಕ್ಕೆ ಕಟ್ಟಿದ ಮೈಕಿನ ಹಾರ್ನಿನಲ್ಲಿ ಹಾಡಿದವರು ಇವರು. ಹಾರ್ನಿಗೆ ತಗ್ಗು ದನಿ ದಾಟುವುದೇ ಇಲ್ಲ. ಪಕ್ಕದಲ್ಲಿ ಕೂತ ಮಾಸ್ತರಿಗೆ ತಮ್ಮ ಪೇಟಿಯದೇ ಗದ್ದಲ. ನನ್ನ ಕೋಣೆಗೆ ಬಂದರೆ ಗೂಂ. ಒಬ್ಬ ಮನುಷ್ಯ ಇಷ್ಟು ಕಾಲ ಇನ್ನೊಬ್ಬನ ಪ್ರತಿ ಸಾಲಿಗೂ ಉತ್ತರ ಕೊಡುತ್ತಲೇ ಇದ್ದ, ಯಾರಿಗೂ ಒಮ್ಮೆಯೂ ಕೇಳಿಸಿರಲಿಲ್ಲ. ಎತ್ತು ನಿಂತ ಕತೆಯನ್ನು ನೂರು ಸಲ ಹೇಳಿದ ಕಾಕಾ ಇದನ್ನು ಒಂದು ಸಲವೂ ಹೇಳಿರಲಿಲ್ಲ.

ಮಾಸ್ತರು ಕಣ್ಣೊರಸಿಕೊಂಡರು, ಮರೆಮಾಚಲಿಲ್ಲ. "ನನ್ನ ಕಿವಿ ಸುಟ್ಟು ಹೋಗ್ಲಿ" ಎಂದರು. ಆಮೇಲೆ, "ಶ್ರಾವಣಕ್ಕ ಬರ್ರಿ ಅಣ್ಣಾರ. ನೀವು ಬರಲಿಲ್ಲಂದ್ರ ನಾ ನವಲಿಗೆ ಹೋಗಂಗಿಲ್ಲ."

ಕಾಕಾ ಎಷ್ಟು ಹೊತ್ತು ತೆಗೆದುಕೊಂಡಾನು ಎಂದು ನಾನು ಹಿಂದೆ ತಿರುಗಿ ನೋಡಿದೆ. ಅವನು ತಕ್ಷಣ, "ಮೊದ್ಲು ಈ ಗಾಜು ಇಳಸ್ರಿ ಮಾಸ್ತರ, ಬೆವತು ಸಾಯಾಕತ್ತೀನಿ" ಅಂದ. ಮೂವರೂ ಕಾರಿನಿಂದ ಇಳಿದು ಅಲ್ಲೇ ಓಣಿಯಲ್ಲಿ ನಿಂತು ನಕ್ಕೆವು.

ನವಲಿಯಲ್ಲಿ ನಾನೂ ಇದ್ದೆ. ಯಾವಾಗಲೂ ತಮ್ಮ ಎಡಗಡೆಗೆ ಕೂರುತ್ತಿದ್ದ ಕಾಕಾನನ್ನು ಮಾಸ್ತರು ಎಬ್ಬಿಸಿ ಬಲಗಡೆಗೆ ಕೂರಿಸಿಕೊಂಡರು. ಜನಕ್ಕೆ ಯಾಕೆಂದು ತಿಳಿಯಲಿಲ್ಲ. ಆ ಕಡೆ ಕೂತರೆ ಡಗ್ಗಾ ಮಾಸ್ತರ ಕಿವಿಯ ಹತ್ತಿರ ಬರುತ್ತದೆ, ಅಷ್ಟೇ.

ನಾನೂ ಆಗಿನಿಂದ ಕೆಟ್ಟು ಹೋದೆ. ಎಲ್ಲಿ ಹಾಡು ಕೇಳಿದರೂ ಹಾಡುವವರನ್ನು ಬಿಟ್ಟು ಅವರ ಹಿಂದೆ ಕೂತವರ ಕೈ ನೋಡುತ್ತೇನೆ. ಅಂಗಡಿಯಲ್ಲೂ ಅಷ್ಟೇ, ಜೋರಾಗಿ ಚೌಕಾಸಿ ಮಾಡುವ ಗಿರಾಕಿಯ ಪಕ್ಕದಲ್ಲಿ ಸುಮ್ಮನೆ ನಿಂತವರನ್ನು ನಿಮಗ ಏನು ಬೇಕ್ರಿ ಎಂದು ಕೇಳುವುದನ್ನು ಕಲಿತಿದ್ದೇನೆ. ಕೇಳಿದರೆ ಅವರು ಹೇಳುತ್ತಾರೆ, ನೋಡಿ.

ಇಷ್ಟು ಬರೆಯುವುದರೊಳಗೆ ಓಣಿಯಲ್ಲಿ ಕಾರು ನಿಂತು, ಮಾಸ್ತರು, ಕಾಕಾ ಇಬ್ಬರೂ ಮೇಲೆ ಹತ್ತಿ ಹೋದ ಸಪ್ಪಳವಾಯಿತು. ಮಾಸ್ತರು ಹೊಸ ಪದ ಕಟ್ಟಿದ್ದಾರಂತೆ. ಪೇಟಿ ಶುರುವಾಗಿದೆ, ಮೊದಲನೆಯ ಸಾಲು ಬಂತು. ಸಾಲು ಮುಗಿದ ಮೇಲೆ ಪೇಟಿ ನಿಂತಿತು, ಮಾಸ್ತರ ದನಿಯೂ ನಿಂತಿತು. ಮರೆತರೇನೋ ಎಂದುಕೊಂಡೆ. ಅಷ್ಟರಲ್ಲಿ ಮೆಟ್ಟಿಲ ಮೇಲಿನಿಂದ ಕಾಕಾನ ಕೂಗು ಮನೆಯೆಲ್ಲ ತುಂಬಿತು:

"ಏ, ಮಷಿನ್ ಹಚ್ಚು ಬಾರೋ ಲಗೂನ! ಇಲ್ಲಿ ಮಾಸ್ತರ ಸುಮ್ಮನಾಗ್ಯಾರ. ಈ ಜಾಗಾ ನಂದಂತ!"